ಎಷ್ಟು ಕೊಡುತ್ತೆ?

"ಗುರುಗಳೇ, ದಿನಕ್ಕೆ ಸಾವಿರ ಜಪ ಮಾಡುತ್ತೇನೆ. ಸಾವಿರ ಜಪಕ್ಕೆ ಎಷ್ಟು ಮುಂದೆ ಹೋದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಆ ಲೆಕ್ಕ ಸಿಗದೆ ಮನಸ್ಸು ಚಡಪಡಿಸುತ್ತದೆ. ಅದನ್ನು ತಿಳಿಯುವುದು ಹೇಗೆ?" ಎಂದು ಮರುಳಯ್ಯನೆಂಬ ಶಿಷ್ಯ ಕೇಳಿದ.

"ಮೊದಲು ಕೂತುಕೋ. ನಿಂತು ಕೇಳಿದರೆ ಕತೆ ಕಾಲಿಗಿಳಿಯುತ್ತದೆ" ಎಂದು ಗುರುಗಳು ಶುರು ಮಾಡಿದರು.

ಒಬ್ಬ ಪಾತ್ರೆ ವ್ಯಾಪಾರಿ ಕಾರು ಕೊಂಡ. ನಮ್ಮ ಜನ ಹೊಸ ಗಾಡಿ ಕಂಡರೆ ಬೆಲೆಯನ್ನೂ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, "ಎಷ್ಟು ಕೊಡುತ್ತೆ?" ಲೀಟರು ಪೆಟ್ರೋಲಿಗೆ ಎಷ್ಟು ಕಿಲೋಮೀಟರು ಎಂದರ್ಥ. ವ್ಯಾಪಾರಿ ಇಪ್ಪತ್ತು ಎಂದ. ಎದುರಂಗಡಿಯವನು "ಅಷ್ಟೆಲ್ಲಿ ಬರುತ್ತೆ ಬಿಡಿ" ಎಂದು ನಕ್ಕುಬಿಟ್ಟ. ಅಲ್ಲಿಗೆ ವ್ಯಾಪಾರಿಯ ತಲೆಗೆ ಹುಳ ಹೊಕ್ಕಿತು.

ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಭಾಗಿಸಿ ನೋಡಿದ. ಒಮ್ಮೆ ಹದಿನೇಳು ಬಂತು, ಒಮ್ಮೆ ಇಪ್ಪತ್ತೆರಡು. ಬಂಕಿನವನ 'ಫುಲ್' ದಿನಕ್ಕೊಂದು ಥರ. ವ್ಯಾಪಾರಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಉಣ್ಣುವಾಗಲೂ ಎಲೆಯ ಮೇಲೆ ಬೆರಳಲ್ಲಿ ಭಾಗಾಕಾರ ಬರೆಯುವನು. ಕೊನೆಗೆ ಟ್ಯಾಂಕ್ ಪೂರ್ತಿ ಬರಿದು ಮಾಡಿಸಿ, ಅಳೆದು ಐದು ಲೀಟರು ಸುರಿಸಿದ. ಅದು ಮುಗಿದು ಗಾಡಿ ತಾನಾಗಿ ನಿಲ್ಲಬೇಕು, ಅಲ್ಲಿಯತನಕ ಒಂದು ಹನಿಯೂ ಹಾಕಬಾರದು ಎಂದು ಹಟ ಹಿಡಿದ.

ಮೂರನೆಯ ದಿನ ಬೆಳಿಗ್ಗೆ ಪಕ್ಕದ ಊರಿನ ಆಸ್ಪತ್ರೆಯಿಂದ ಅವನ ಅಕ್ಕ ಫೋನು ಮಾಡಿಸಿದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು. ಅವಳಿಗೆ ಒಂದು ಕಣ್ಣು ಎಂದೋ ಹೋಗಿತ್ತು. ಉಳಿದ ಒಂದಕ್ಕೆ ಆಪರೇಷನ್ ಆಗಿತ್ತು.

"ಹತ್ತು ಗಂಟೆಗೆ ಪಟ್ಟಿ ಬಿಚ್ಚುತ್ತಾರಂತೆ, ತಮ್ಮಾ. ನನಗೆ ಭಯ. ಕಂಡರೆ ಮೊದಲು ನಿನ್ನ ಮುಖ ಕಾಣಲಿ. ಕಾಣದೆ ಹೋದರೆ ನಿನ್ನ ಕೈಯಾದರೂ ಹಿಡಿದುಕೊಂಡಿರುತ್ತೇನೆ. ಬೇಗ ಬಾರಪ್ಪ."

ವ್ಯಾಪಾರಿ ಕೂಡಲೇ ಹೊರಟ. ಅರ್ಧ ದಾರಿ ದಾಟುವಷ್ಟರಲ್ಲಿ ಪೆಟ್ರೋಲಿನ ಮುಳ್ಳು ತಳ ಮುಟ್ಟಿತು, ಕೆಂಪು ದೀಪ ಹತ್ತಿತು. ಎದುರಿಗೇ ಒಂದು ಬಂಕು. ಕಾಲು ಬ್ರೇಕಿನ ಮೇಲೆ ಹೋಯಿತು. ಈಗ ಹಾಕಿಸಿದರೆ ಇಷ್ಟು ದಿನ ಪಟ್ಟ ಪಾಡು ನೀರಿನಲ್ಲಿ ಹೋಮ ಮಾಡಿದ ಹಾಗೆ. ಆಸ್ಪತ್ರೆ ಇನ್ನೇನು ಬಂದೇಬಿಟ್ಟಿತು ಎಂದು ತನಗೆ ತಾನೇ ಹೇಳಿಕೊಂಡು ಕಾಲು ತೆಗೆದ.

ಬಂಕು ದಾಟಿ ನಾಲ್ಕು ಕಿಲೋಮೀಟರಿಗೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ವ್ಯಾಪಾರಿ ಮೀಟರು ನೋಡಿದ, ಐದರಿಂದ ಭಾಗಿಸಿದ, ಬಂದದ್ದನ್ನು ಚೀಟಿಯಲ್ಲಿ ಬರೆದುಕೊಂಡ. ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರಾಯಿತು. ಆಮೇಲೆ ಗಡಿಯಾರ ನೋಡಿದ. ಒಂಬತ್ತೂ ಮುಕ್ಕಾಲು.

ಕೈ ಅಡ್ಡ ಹಾಕಿದ. ಯಾರೂ ನಿಲ್ಲಿಸಲಿಲ್ಲ. ಕಾರನ್ನು ಅಲ್ಲೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಹತ್ತೂವರೆ ದಾಟಿತ್ತು. ಪಟ್ಟಿ ಬಿಚ್ಚಿ ಆಗಿತ್ತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ.

"ಕೊನೆಗೆ ಎಷ್ಟು ಕೊಟ್ಟಿತು, ಗುರುಗಳೇ?"

ಗುರುಗಳು ಅವನ ಮುಖ ನೋಡಿದರು.

"ಅಕ್ಕನಿಗೆ ಕಣ್ಣು ಕಂಡಿತೇ ಎಂದು ಕೇಳಲಿಲ್ಲವಲ್ಲ, ಮರುಳಯ್ಯ."