ಮಂಗನ ಕೆನ್ನೆಯ ಪಾಕೆಟ್ಟು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಮಂಗಗಳ ಕೆನ್ನೆ ಆಗ ನಿನ್ನ ಕೆನ್ನೆಯ ಹಾಗೇ ಬಿಗಿಯಾಗಿತ್ತು. ಜೇಬು ಅನ್ನುವುದಂತೂ ಲೋಕದಲ್ಲಿ ಯಾರಿಗೂ ಇರಲಿಲ್ಲ.

ಒಂದು ದಿನ ಹೊಳೆ ದಿಢೀರನೆ ಏರಿತು. ಚಿಗಳಿ ಎಂಬ ಮಂಗನ ಮರಿ ನಡುನೀರಿನ ಬಂಡೆಯ ಮೇಲೆ ಸಿಕ್ಕಿಬಿತ್ತು. ಎರಡು ದಿನ ದಡದಿಂದ ಬಂಡೆಯತ್ತ ಚಾಚಿದ್ದ ಮರದ ಕೊಂಬೆಗಳೆಲ್ಲ ನೀರೊಳಗೆ. ಮೂರನೆಯ ದಿನ ಒಂದು ಕೊಂಬೆ ಮೇಲೆದ್ದಿದ್ದೇ ತಡ, ಚಿಗಳಿಯ ತಾಯಿ ಹುರುಳಿ ಅದರ ಮೇಲಿಂದ ಬಂಡೆಗೆ ನೆಗೆದಳು.

"ಬಾ ಕಂದಾ, ನನ್ನ ಹೊಟ್ಟೆ ತಬ್ಬಿಕೋ."

ಮರಿಯ ಕೈ ಜಾರಿತು. ಹಸಿವಿಗೆ ಅದರ ಬಲವೆಲ್ಲ ಸೋರಿಹೋಗಿತ್ತು. ಏನಾದರೂ ತಿನ್ನಿಸದೆ ಕರೆದೊಯ್ಯುವಂತಿರಲಿಲ್ಲ. ಆದರೆ ಹಣ್ಣು ತರುವುದು ಹೇಗೆ? ನೆಗೆಯಲು ನಾಲ್ಕೂ ಕೈಕಾಲು ಬೇಕಲ್ಲ!

ಹುರುಳಿ ದಡಕ್ಕೆ ಮರಳಿದಳು. ಅಲ್ಲಿದ್ದ ಸಿಂಪಿಗ ಹಕ್ಕಿ, "ತಡಿ ಮಾರಾಯ್ತಿ" ಎಂದು ಎಲೆ ಮಡಚಿ, ನಾರಿನಿಂದ ಹೊಲಿದು ಪುಟ್ಟ ಚೀಲ ಮಾಡಿಕೊಟ್ಟಿತು. ಹುರುಳಿ ಅದರ ತುಂಬ ಅತ್ತಿಹಣ್ಣು ಹಾಕಿ ಕುತ್ತಿಗೆಗೆ ಕಟ್ಟಿಕೊಂಡು ನೆಗೆದಳು. ಚೀಲ ಪರ್ರನೆ ಹರಿಯಿತು. ಹಣ್ಣೆಲ್ಲ ಹೊಳೆಯ ಪಾಲಾಯಿತು.

"ಬೇಗ, ಬೇಗ!" ಗಾಳಿ ಕೂಗಿತು. "ಬೆಟ್ಟದಲ್ಲಿ ಮತ್ತೆ ಮಳೆ ಸುರೀತಿದೆ!"

ಹುರುಳಿ ಮತ್ತೆ ದಡಕ್ಕೆ ಓಡಿ ಹಣ್ಣನ್ನು ಬಾಯಿಗೇ ತುಂಬಿಕೊಂಡಳು. ಮರಿಯ ಚಿಂತೆಯಲ್ಲಿ ಮೂರು ದಿನದಿಂದ ಅವಳೂ ಉಪವಾಸ. ಮೊದಲೇ ಮಂಗನ ಬಾಯಿ, ಅದಕ್ಕೆ ನುಂಗುವುದೊಂದೇ ಗೊತ್ತು. ರಸ ನಾಲಗೆಗೆ ತಾಗಿದ್ದೇ ಗಂಟಲು ತಾನಾಗಿ ತೆರೆಯಿತು.

"ನುಂಗೇ," ಹೊಳೆ ಗುರುಗುಟ್ಟಿತು. "ಯಾರು ನೋಡ್ತಾರೆ?"

ಒಂದು ಹಣ್ಣು ಒಳಗೆ ಇಳಿದೇಬಿಟ್ಟಿತು. ಹುರುಳಿಗೆ ಅಳು ಬಂತು. ಉಳಿದದ್ದನ್ನು ನಾಲಗೆಯಿಂದ ಕೆನ್ನೆಯ ಒಳಕ್ಕೆ ಒತ್ತಿದಳು. ಇನ್ನೂ ಒತ್ತಿದಳು. ಚರ್ಮ ಉರಿಯಿತು, ಹಿಗ್ಗಿತು. ಒಂದು ಕೆನ್ನೆ ತುಂಬಿದ ಮೇಲೆ ಇನ್ನೊಂದು. ಬಾಯಿ ಬಿಗಿಹಿಡಿದು ನೆಗೆದಳು.

ಅಷ್ಟರಲ್ಲಿ ನೀರೇರಿ ಬಂಡೆಯ ಮೇಲೆ ಅಂಗೈಯಗಲ ಜಾಗ ಮಾತ್ರ ಉಳಿದಿತ್ತು. ಹುರುಳಿ ಕೆನ್ನೆಯನ್ನು ಹೊರಗಿನಿಂದ ಅದುಮಿ, ಒಂದೊಂದೇ ಹಣ್ಣು ತೆಗೆದು ಮರಿಯ ಬಾಯಿಗಿಟ್ಟಳು. ನೀರು ಮರಿಯ ಬಾಲ ಮುಟ್ಟಿತು. ಹೊಟ್ಟೆ ಮುಟ್ಟಿತು. ಆಗ ಚಿಗಳಿಯ ಬೆರಳುಗಳು ಅಮ್ಮನ ಕೂದಲನ್ನು ಗಟ್ಟಿಯಾಗಿ ಹಿಡಿದವು. ಹುರುಳಿ ಕೊಂಬೆಗೆ ನೆಗೆದೇಬಿಟ್ಟಳು.

ಹಿಗ್ಗಿದ ಆ ಕೆನ್ನೆ ಮತ್ತೆ ಬಿಗಿಯಾಗಲೇ ಇಲ್ಲ, ಹಣ್ಣಿಡುವ ಜೇಬಾಗಿ ಅವಳ ಮಕ್ಕಳು ಮೊಮ್ಮಕ್ಕಳಿಗೂ ಬಂತು. ಜನ ಅಂಗಿಗೆ ಜೇಬು ಹೊಲಿದದ್ದು ಎಷ್ಟೋ ಕಾಲದ ಮೇಲೆ. ಇಂಗ್ಲಿಷಿನವರ ಪಾಕೆಟ್ ಎಂಬ ಮಾತಿಗೂ ಮೊದಲಿದ್ದ ಅರ್ಥ ಪುಟ್ಟ ಚೀಲ ಅಂತಲೇ, ಅಂಗಿಯ ಜೇಬಿಗೆ ಅದು ಹೆಸರಾದದ್ದು ಆಮೇಲೆ.

ಅದಕ್ಕೇ ನೋಡು, ನಿನ್ನ ಕಡಲೆಕಾಯಿ ಕಿತ್ತುಕೊಂಡ ಮಂಗ ಇವತ್ತಿಗೂ ಅದನ್ನು ತಕ್ಷಣ ನುಂಗುವುದಿಲ್ಲ, ಎರಡೂ ಕೆನ್ನೆಗೆ ತುರುಕಿಕೊಂಡು, ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಮರಕ್ಕೆ ನೆಗೆಯುತ್ತದೆ.