ಟವೆಲ್ ಹಾಕಿ ಹಿಡಿದ ಜಾಗ

ಮಿಠಾಯಿ ಅಂಗಡಿ ಸಾಹುಕಾರ ಗುರುಸಿದ್ದಪ್ಪನ ಕಾಲಿನ ಹುಣ್ಣು ತಿಂಗಳಾದರೂ ಮಾಯಲಿಲ್ಲ. ಶುಗರ್ ಇರಬಹುದೆಂಬ ಅನುಮಾನ. ಆಸ್ಪತ್ರೆಗೆ ಹೋಗಲು ಮಾತ್ರ ನಾಚಿಕೆ.

"ಗಿರಾಕಿಗಳು ನೋಡಿದ್ರೆ ನನ್ನ ಮಾನ ಹೋಗುತ್ತೆ. ನನ್ನ ಹೆಸರಲ್ಲಿ ನೀನೇ ರಕ್ತ ಕೊಟ್ಟು ಬಾ" ಎಂದು ಬೂಂದಿ ಕರಿಯುವ ಆಳಿಗೆ ಅಪ್ಪಣೆ ಮಾಡಿದ. ಡಾಕ್ಟರ ಕಣ್ಣಿಗೆ ಸಾಹುಕಾರನಂತೆ ಕಾಣಲಿ ಎಂದು ತನ್ನ ಜರಿ ಟವೆಲನ್ನೂ ಅವನ ಹೆಗಲಿಗೆ ಹಾಕಿದ.

ಆಳು ಬರಿ ಹೆಗಲಲ್ಲಿ ವಾಪಸ್ಸು ಬಂದ.

"ಏನಂದ್ರೋ?"

"ನಿಮಗೆ ಶುಗರ್ ಇಲ್ವಂತೆ ಧಣಿ."

ಸಾಹುಕಾರ ಖುಷಿಯಿಂದ ತಟ್ಟೆಯಲ್ಲಿದ್ದ ಲಾಡು ಎತ್ತಿಕೊಂಡ.

"ಹುಣ್ಣೂ ಇಲ್ವಂತೆ. ನನ್ನ ಕಾಲು ನೋಡಿಯೇ ಹೇಳಿದ್ರು."

ಲಾಡು ತಟ್ಟೆಗೆ ಮರಳಿತು.

"ಅಲ್ಲಿ ಶುಗರಿನವರಲ್ಲೇ ಮಾತ್ರೆಯವರಿಗೊಂದು ಬೆಂಚು, ಇಂಜೆಕ್ಷನ್ನಿನವರಿಗೊಂದು, ಕಾಲು ಹುಣ್ಣಿನವರಿಗೊಂದು. ನನ್ನನ್ನ ಯಾವುದರಲ್ಲೂ ಕೂರಿಸಲಿಲ್ಲ. ಅದಕ್ಕೇ ಹುಣ್ಣಿನ ಬೆಂಚಿನ ಮೇಲೆ ಟವೆಲ್ ಹಾಕಿ ನಿಮಗೆ ಜಾಗ ಹಿಡಿದು ಬಂದಿದ್ದೀನಿ. ಡಾಕ್ಟರು ಇನ್ನೂ ಇದ್ದಾರೆ."

"ಅಯ್ಯೋ ಪಾಪಿ, ಆ ಟವೆಲು ಊರಿಗೆಲ್ಲ ಗೊತ್ತಲ್ಲೋ."

"ಗೊತ್ತು ಧಣಿ. ಬೆಂಚಿನ ತುಂಬ ನಮ್ಮ ಗಿರಾಕಿಗಳೇ. ಟವೆಲ್ ನೋಡಿ ಯಾರೂ ನಗಲಿಲ್ಲ. ತಲೆ ತಗ್ಗಿಸಿ, ಸ್ವಲ್ಪ ಸರಿದು ಕೂತ್ರು."

ಸಾಹುಕಾರನೂ ತಲೆ ತಗ್ಗಿಸಿ ಚಪ್ಪಲಿ ಹುಡುಕಿದ.