ಕಾಗಿ ಒಯ್ದ ಪಂಚಮಿ ಬಟ್ಟಲ

ಬರ್ರಿ, ಹತ್ತರ ಕೂಡ್ರಿ. ನಾ ಹೇಳ್ತೀನಿ, ನೀವು ಹೂಂ ಅನ್ರಿ. ಹೂಂ ಅನ್ನೋದು ನಿಂತ್ರ ಕತಿನೂ ನಿಲ್ಲತೈತಿ.

ಒಂದೂರಾಗ ಪಾರಿ ಅಂತ ಒಬ್ಬ ಹುಡುಗಿ ಇದ್ಲು. ಐದು ವರ್ಷದಾಕಿ. ಕೈ ತುಂಬ ಹಸಿರು ಬಳಿ, ತಲಿ ತುಂಬ ಎಣ್ಣಿ. ಅವತ್ತು ನಾಗರ ಪಂಚಮಿ. ಆಗಿನ ಪಂಚಮಿ ಏನ್ ಕೇಳ್ತೀರಿ ಬಿಡ್ರಿ. ಮನಿ ಮನಿಯಾಗ ಉಂಡಿ, ಗಿಡ ಗಿಡಕ್ಕ ಜೋಕಾಲಿ. ಕೊಟ್ಟ ಹೆಣ್ಮಕ್ಕಳು ತವರಿಗೆ ಬರೋ ಹಬ್ಬ. ಪಾರಿ ಮನಿಗೂ ಅಪ್ಪನ ಅಕ್ಕ ಬಂದಿದ್ಲು, ಗಂಗತ್ತಿ. ಮೂರು ವರ್ಷ ಆದ ಮ್ಯಾಲ ಬಂದಿದ್ಲು. ಆದ್ರ ಗಂಡನ ಮನಿಯಾಗ ಆಕಿ ಮಾವಗ ಆರಾಮ ಇರಲಿಲ್ಲ. ಹನ್ನೆರಡರ ಬಸ್ಸಿಗೆ ತಿರುಗಿ ಹೋಗಬೇಕಿತ್ತು.

"ನನ್ನ ಪಾಲು ಪಾರಿ ಬಾಯಿಂದ ಕೇಳೇ ಹೋಗಾಕಿ," ಅಂದಿದ್ಲು.

ಪಾಲು ಅಂದ್ರ ಏನು? ಆ ಕಡೆ ಮನಿ ಮನಿಯಾಗ ಒಂದು ಪದ್ಧತಿ. ಎಲ್ಲಾರಿಗಿಂತ ಸಣ್ಣವರು ಕೊಬ್ಬರಿ ಬಟ್ಟಲದಾಗ ಹಾಲು ತಗೊಂಡು ಮಣ್ಣಿನ ನಾಗಪ್ಪಗ ಎರೀಬೇಕು. ಒಬ್ಬೊಬ್ಬರ ಹೆಸರಿಗೆ ಒಂದೊಂದು ಹನಿ. ಅಜ್ಜನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ಅತ್ತಿ ಪಾಲು. ಹೆಸರು ಹೇಳಿದ್ರ ಅವರು ವರ್ಷೆಲ್ಲಾ ಚಂದ ಇರ್ತಾರ ಅಂತ ನಂಬಿಗಿ.

ಹಾಲು ಹಾಕೋ ಮೊದಲ ಪಾರಿ ಖಾಲಿ ಬಟ್ಟಲ ಹಿಡಕೊಂಡು ಅಂಗಳಕ್ಕ ಬಂದ್ಲು. ಸುಮ್ಮನ ಹಿಡಕೊಂಡು ನಿಂದರಬೇಕಿಲ್ಲೋ? ಇಲ್ಲ. ಒಂದೀಟು ಕೊಬ್ಬರಿ ನೆಕ್ಕಿದ್ಲು. ಇನ್ನೊಂದೀಟು ನೆಕ್ಕಿದ್ಲು. ಬುರ್ರ್ ಅಂತ ಕಾಗಿ ಬಂತು. ಬಟ್ಟಲ ಕಸಗೊಂಡು ಬೇವಿನ ಗಿಡ ಏರಿ ಕುಂತಿತು.

ಮನಿಯಾಗ ಬ್ಯಾರೆ ಬಟ್ಟಲ ಇರಲಿಲ್ಲ. ಉಳಿದ ಕೊಬ್ಬರಿ ಎಲ್ಲಾ ತುರಿದು ಉಂಡಿಗೆ ಹಾಕಿ ಆಗಿತ್ತು.

"ಕಾಗಿ ಕಾಗಿ, ಬಟ್ಟಲ ಕೊಡು. ಬಟ್ಟಲದಾಗ ಹಾಲು, ಹಾಲಿನಾಗ ಅತ್ತಿ ಪಾಲು."

"ಎಳ್ಳುಂಡಿ ಕೊಡು, ಬಟ್ಟಲ ಬಿಡ್ತೀನಿ," ಅಂತು ಕಾಗಿ.

ಪಾರಿ ಅವ್ವನ ಹತ್ತರ ಓಡಿದ್ಲು. ಒಂದ ಒಂದು ಉಂಡಿ ಕೊಡು ಅಂದ್ಲು. ನಾಗಪ್ಪಗ ಹಾಲು ಎರಿಯೋತನಕ ಉಂಡಿ ಮುಟ್ಟಂಗಿಲ್ಲ ಅಂದ್ಲು ಅವ್ವ. ನೋಡ್ರಿ ಈ ಗಂಟು. ಬಟ್ಟಲ ಇಲ್ಲದ ಹಾಲಿಲ್ಲ. ಹಾಲು ಇಲ್ಲದ ಉಂಡಿ ಇಲ್ಲ. ಉಂಡಿ ಇಲ್ಲದ ಬಟ್ಟಲ ಇಲ್ಲ. ಬಟ್ಟಲ ಹೋತು ಅಂತ ಹೇಳಾಕ ಪಾರಿಗೆ ಬಾಯೇ ಬರಲಿಲ್ಲ.

ಬಾಜೂ ಮನಿ ಕಾಶವ್ವ ಚಿಗವ್ವ ನಸುಕಿನ್ಯಾಗ ಹಾಲೆರೆದು ಮುಗಿಸಿದ್ಲು. ಪಾರಿ ಅಲ್ಲಿಗೆ ಓಡಿದ್ಲು.

"ಚಿಗವ್ವಾ, ಉಂಡಿ ಕೊಡು. ಉಂಡಿ ಕಾಗಿಗೆ, ಕಾಗಿ ಬಿಟ್ರ ಬಟ್ಟಲ, ಬಟ್ಟಲದಾಗ ಹಾಲು, ಹಾಲಿನಾಗ ಅತ್ತಿ ಪಾಲು."

ಚಿಗವ್ವನ ಕೈಯಾಗ ಕೂಸು. ಕೂಸು ಊರು ಕೇಳೋ ಹಂಗ ಅಳತಿತ್ತು. ತೊಟ್ಟಿಲು ಒಲ್ಲದು, ಮೊಲಿ ಒಲ್ಲದು, ಜೋಕಾಲಿನ ಬೇಕಂತ. ಕೂಸು ಸುಮ್ಮನಾದ್ರ ಉಂಡಿ ಡಬ್ಬಿ ತೆಗೀತೀನಿ ಅಂದ್ಲು ಚಿಗವ್ವ.

ಪಾರಿ ಹುಣಸಿ ಗಿಡಕ್ಕ ಓಡಿದ್ಲು. ಅಲ್ಲಿ ಮಲ್ಲೇಶಿ ಕಾಕಾ ಜೋಕಾಲಿ ಕಟ್ಟಾಕತ್ತಿದ್ದ.

"ಕಾಕಾ, ಜೋಕಾಲಿ ಕೊಡು. ಜೋಕಾಲಿ ಕೂಸಿಗೆ, ಕೂಸು ಸುಮ್ಮನಾದ್ರ ಉಂಡಿ, ಉಂಡಿ ಕಾಗಿಗೆ, ಕಾಗಿ ಬಿಟ್ರ ಬಟ್ಟಲ, ಬಟ್ಟಲದಾಗ ಹಾಲು, ಹಾಲಿನಾಗ ಅತ್ತಿ ಪಾಲು."

ಹಗ್ಗ ಐತಿ, ಕೂಡಾಕ ಹಲಗಿ ಇಲ್ಲ ಅಂದ ಕಾಕಾ. ಹಲಗಿ ಬಡಿಗ್ಯಾರ ಮನಿಯಾಗ ಕುಂತೈತಿ ಅಂದ.

ಪಾರಿ ಬಡಿಗ್ಯಾರ ಮೌನೇಶ ಮಾವನ ಮನಿಗೆ ಓಡಿದ್ಲು. ಹೊತ್ತು ಏರಾಕತ್ತಿತ್ತು. ಕಣ್ಣಾಗ ನೀರು ತುಂಬಿತ್ತು.

"ಮಾವಾ, ಹಲಗಿ ಕೊಡು. ಹಲಗಿ ಜೋಕಾಲಿಗೆ, ಜೋಕಾಲಿ ಕೂಸಿಗೆ, ಕೂಸು ಸುಮ್ಮನಾದ್ರ ಉಂಡಿ, ಉಂಡಿ ಕಾಗಿಗೆ, ಕಾಗಿ ಬಿಟ್ರ ಬಟ್ಟಲ, ಬಟ್ಟಲದಾಗ ಹಾಲು, ಹಾಲಿನಾಗ ಅತ್ತಿ ಪಾಲು."

ಮಾವನ ಮಾರಿ ಸಣ್ಣದಾಗಿತ್ತು. ಹೆಂಡ್ತಿ ಪಂಚಮಿಗೆ ತವರಿಗೆ ಹೋಗಿದ್ಲು. ಬುಟ್ಟಿ ತುಂಬ ಕಟಿ ರೊಟ್ಟಿ ಮಾಡಿಟ್ಟು ಹೋಗಿದ್ಲು. ಒಣಾ ರೊಟ್ಟಿ ಗಂಟಲಾಗ ಇಳೀವಲ್ದು, ಹಸಿದ ಹೊಟ್ಟಿಗೆ ಉಳಿ ಹಿಡಿಯಾಕ ಆಗವಲ್ದು ಅಂದ. ಒಂದು ಚಂಬು ಮಜ್ಜಿಗಿ ತಂದು ಕೊಟ್ರ ಹಲಗಿ ತೂತು ಕೊರದು ಕೊಡ್ತೀನಿ ಅಂದ.

ಮಜ್ಜಿಗಿ ಯಾರ ಮನಿಯಾಗ? ಓಣಿ ಕಡೀಕ ನೀಲಜ್ಜಿ ಮನಿಯಾಗ. ಪಾರಿ ಅಲ್ಲಿಗೂ ಓಡಿದ್ಲು.

"ಅಜ್ಜೀ, ಮಜ್ಜಿಗಿ ಕೊಡು. ಮಜ್ಜಿಗಿ ಮಾವಗ, ಮಾವ ಕೊಟ್ರ ಹಲಗಿ, ಹಲಗಿ ಜೋಕಾಲಿಗೆ, ಜೋಕಾಲಿ ಕೂಸಿಗೆ, ಕೂಸು ಸುಮ್ಮನಾದ್ರ ಉಂಡಿ, ಉಂಡಿ ಕಾಗಿಗೆ, ಕಾಗಿ ಬಿಟ್ರ ಬಟ್ಟಲ, ಬಟ್ಟಲದಾಗ ಹಾಲು, ಹಾಲಿನಾಗ ಅತ್ತಿ ಪಾಲು."

ನೀಲಜ್ಜಿ ಎಲ್ಲಾ ಕೇಳಿದ್ಲು. ಬ್ಯಾರೆ ಏನೂ ಕೇಳಲಿಲ್ಲ, ಚಂಬು ತುಂಬ ಮಜ್ಜಿಗಿ ಹಾಕಿದ್ಲು. ಚಂಬು ಕೈಗೆ ಕೊಡಬೇಕಾದ್ರ ಮೆಲ್ಲಕ ಅಂದ್ಲು:

"ನನ್ನ ಪಾಲು ಹೇಳೋರು ತವರಾಗ ಯಾರೂ ಉಳಿದಿಲ್ಲವ್ವಾ. ಅಣ್ಣ ಇರೋತನಕ ಹುಡುಗರ ಕಡಿಂದ ಹೇಳಸ್ತಿದ್ದ. ಹಾಲು ಉಳಿದ್ರ ಒಂದು ಹನಿ ನನ್ನ ಹೆಸರಿಗೂ ಹಾಕ್ತೀಯೇನು?"

ಪಾರಿ ಹೂಂ ಅಂದ್ಲು.

ಈಗ ನೋಡ್ರಿ, ಗಂಟು ಹೆಂಗ ಬಿಚ್ಚತೈತಿ. ಅಜ್ಜಿ ಮಜ್ಜಿಗಿ ಕೊಟ್ಲು, ಮಜ್ಜಿಗಿ ಮಾವ ಕುಡದ. ಮಾವ ತೂತು ಕೊರದ, ಹಲಗಿ ಕೊಟ್ಟ. ಹಲಗಿ ಕಾಕಾ ಕಟ್ಟಿದ, ಜೋಕಾಲಿ ಆತು. ಜೋಕಾಲಿಯಾಗ ಚಿಗವ್ವ ಕೂಸಿನ ಎತ್ತಿಕೊಂಡು ಕುಂತ್ಲು. ಜೀಕಿದ್ರು, ಕೂಸು ಕಿಲಕಿಲ ನಕ್ಕಿತು. ಕೂಸು ನಕ್ಕಿತು, ಡಬ್ಬಿ ತೆರೀತು. ಡಬ್ಬಿ ತೆರೀತು, ಉಂಡಿ ಬಂತು. ಉಂಡಿ ಕಾಗಿಗೆ ಹೋತು. ಕಾಗಿ ಬಟ್ಟಲ ಬಿಟ್ಟಿತು. ಟಪ್ ಅಂತ ಪಾರಿ ಉಡಿಯಾಗ ಬಿತ್ತು.

ಪಾರಿ ಮನಿಗೆ ಓಡಿದ್ಲು. ಅತ್ತಿ ಕೈಯಾಗ ಚೀಲ ಹಿಡದು ಬಾಗಿಲದಾಗ ನಿಂತಿದ್ಲು. ಊರ ಬಾಗಿಲ ಅಗಸ್ಯಾಗ ಬಸ್ಸು ಪೋಂ ಪೋಂ ಅನ್ನಾಕತ್ತಿತ್ತು. ಅವ್ವ ಲಗೂ ಲಗೂ ಬಟ್ಟಲಕ್ಕ ಹಾಲು ಹಾಕಿದ್ಲು. ಅಯ್ಯ, ಬಟ್ಟಲ ಸೋರತೈತಿ. ಹಾಳಾದ ಕಾಗಿ ಕುಕ್ಕಿ ತೂತು ಮಾಡಿತ್ತು. ಪಾರಿ ಎರಿಯೋ ಮೊದಲ ಹಾಲು ತಾನ ನಾಗಪ್ಪನ ಮ್ಯಾಲ ಬೀಳಾಕತ್ತಿತು. ಟಿಪ್. ಟಿಪ್. ಟಿಪ್.

ಅಜ್ಜನ ಪಾಲು ಮೊದಲು ಹೇಳಬೇಕು, ಅದು ಪದ್ಧತಿ. ಹಾಲು ತೀರಿದ್ರ ಏನು ಗತಿ ಅಂತ ಪಾರಿಗೆ ಹೆದರಿಕಿ ಆತು. ಪದ್ಧತಿ ಗಿದ್ಧತಿ ಬಿಟ್ಟು ಒದರೇ ಬಿಟ್ಲು:

"ಅತ್ತಿ ಪಾಲು."

ಗಂಗತ್ತಿ ಚೀಲ ಕೆಳಗಿಟ್ಲು. ಪಾರಿ ತಲಿ ಮ್ಯಾಲ ಕೈ ಇಟ್ಲು. ಅತ್ತಿಗೆ ಅಳು ತಡೀಲಿಲ್ಲ. ಅಜ್ಜ ನಕ್ಕ. ಇರಲಿ, ನಾ ದಿನಾ ಇಲ್ಲೇ ಇರಾಂವ, ನಂದು ಆಮ್ಯಾಲ ಹೇಳವ್ವಾ ಅಂದ.

ಆಮ್ಯಾಲ ಅಜ್ಜನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಮನಿ ಮಂದಿ ಮುಗೀತು, ಹಾಲು ಮುಗೀಲಿಲ್ಲ. ಟಿಪ್. ಟಿಪ್.

"ನೀಲಜ್ಜಿ ಪಾಲು," ಅಂದ್ಲು ಪಾರಿ. ಮೌನೇಶ ಮಾವನ ಪಾಲು. ಮಲ್ಲೇಶಿ ಕಾಕಾನ ಪಾಲು. ಚಿಗವ್ವನ ಪಾಲು. ಕೂಸಿನ ಪಾಲು. ಕಡೀ ಹನಿ ಕಾಗಿ ಪಾಲು.

ಅತ್ತಿ ಕಣ್ಣು ಒರಸಿಕೊಂಡು, ಉಡಿ ತುಂಬ ಉಂಡಿ ಕಟಗೊಂಡು ಬಸ್ಸು ಹತ್ತಿದ್ಲು. ಪಾರಿ ನೀಲಜ್ಜಿ ಮನಿಗೆ ಓಡಿ ಹೋಗಿ, ಹೇಳಿದೆ ಅಜ್ಜೀ, ನಿನ್ನ ಪಾಲು ಹೇಳಿದೆ ಅಂದ್ಲು. ನೀಲಜ್ಜಿ ಪಾರಿಯ ಎರಡೂ ಕೈ ಹಿಡಕೊಂಡು ಭಾಳ ಹೊತ್ತು ಕುಂತ್ಲು.

ಪಾರಿ ಈಗ ಪಾರವ್ವಜ್ಜಿ. ಆ ಮನಿಯಾಗ ಪಂಚಮಿ ಬಂದ್ರ ಸಣ್ಣ ಮಕ್ಕಳು ಇವತ್ತಿಗೂ ಹಾಲೆರೀತಾವು. ಎಲ್ಲಾರ ಪಾಲು ಹೇಳ್ತಾವು, ಆಮ್ಯಾಲ ನೀಲಜ್ಜಿ ಪಾಲು ಅಂತಾವು. ನೀಲಜ್ಜಿ ಅಂದ್ರ ಯಾರು ಅಂತ ಒಂದಕ್ಕೂ ಗೊತ್ತಿಲ್ಲ. ಆಕಿನ್ನ ನೋಡಿದಾಕಿ ಈಗ ಆ ಮನಿಯಾಗ ಪಾರವ್ವಜ್ಜಿ ಒಬ್ಬಾಕಿನ.